ಇಳಿದ ತೆರಿಗೆ ಯಾರ ಜೇಬಿಗೆ? ಕಾರು ಕೊಳ್ಳುವವರು ಗಮನಿಸಬೇಕಾದ ಲೆಕ್ಕ

ಜೀಡಿಮೆಟ್ಲಾ: ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವ ಕುಟುಂಬಕ್ಕೆ ಮೊದಲ ಕಾರು ಎಂದರೆ ಮನೆಮಂದಿಯೆಲ್ಲ ಒಟ್ಟಿಗೆ ಊರಿನ ಜಾತ್ರೆಗೆ, ಮದುವೆಗೆ ಹೋಗಿಬರುವ ಆಸೆ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದು ಸೆಸ್ ರದ್ದಾದಾಗ ಈ ಆಸೆಗೆ ಬಲ ಬಂತು. 4 ಮೀಟರ್ ಉದ್ದ ಮೀರದ, 1200 ಸಿಸಿವರೆಗಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಕಾರುಗಳು ಈ ಸಾಲಿಗೆ ಸೇರುತ್ತವೆ.

ತೆರಿಗೆಗೆ ಮುನ್ನ 5 ಲಕ್ಷ ರೂ. ಬೆಲೆಯ ಪೆಟ್ರೋಲ್ ಕಾರಿಗೆ ಹಿಂದೆ ಶೇ. 1ರ ಸೆಸ್ ಸೇರಿ 1.45 ಲಕ್ಷ ರೂ. ತೆರಿಗೆ ಬೀಳುತ್ತಿತ್ತು. ಹೊಸ ದರದಲ್ಲಿ ಅದು 90 ಸಾವಿರ. ಅಂದರೆ ಉಳಿತಾಯ 55 ಸಾವಿರ. ಈ ಹಣ ಗ್ರಾಹಕನ ಕೈಯಲ್ಲಿ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ.

ಡೀಲರ್‌ಗೆ ಕಾರಿನ ಮೇಲಿನ ಲಾಭವೊಂದೇ ಆದಾಯವಲ್ಲ. ಸಾಲ, ವಿಮೆ, ಆಕ್ಸೆಸರಿ, ಹಳೆಯ ವಾಹನದ ಎಕ್ಸ್‌ಚೇಂಜ್ ಇವುಗಳಿಂದಲೂ ಆದಾಯ ಬರುತ್ತದೆ. ಸೇಲ್ಸ್‌ಮನ್‌ಗೆ ತಿಂಗಳ ಟಾರ್ಗೆಟ್ ಇರುತ್ತದೆ. ಆದ್ದರಿಂದಲೇ ಮಾತು ಒಟ್ಟು ಬೆಲೆಯಿಂದ ಸರಿದು ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಸರ್?’ ಎಂಬಲ್ಲಿಗೆ ಬರುತ್ತದೆ.

ಮೋಸ ಹೋಗುವುದು ಇಲ್ಲಿಯೇ. 5 ಲಕ್ಷ ರೂ. ಸಾಲಕ್ಕೆ 5 ವರ್ಷ ‘ಫ್ಲಾಟ್’ ಶೇ. 7 ಎಂದರೆ ಕಡಿಮೆ ಎನಿಸುತ್ತದೆ. ಆದರೆ ಅಸಲು ತೀರುತ್ತಾ ಹೋದರೂ ಬಡ್ಡಿ ಪೂರ್ತಿ 5 ಲಕ್ಷದ ಮೇಲೆಯೇ ಬೀಳುತ್ತದೆ. ಕಂತು 11,250 ರೂ., ಒಟ್ಟು ಬಡ್ಡಿ 1.75 ಲಕ್ಷ. ಅದೇ ಸಾಲಕ್ಕೆ ಉಳಿದ ಅಸಲಿನ ಮೇಲೆ ಮಾತ್ರ ಶೇ. 9 ಬಡ್ಡಿ ಹಾಕಿದರೆ ಕಂತು ಸುಮಾರು 10,379 ರೂ., ಒಟ್ಟು ಬಡ್ಡಿ ಸುಮಾರು 1.23 ಲಕ್ಷ. ಶೇ. 7 ಎಂದು ಹೇಳಿದ ಸಾಲ ವಾಸ್ತವದಲ್ಲಿ ಶೇ. 12.5ರಷ್ಟು ದುಬಾರಿ. ವ್ಯತ್ಯಾಸ 52 ಸಾವಿರ. ಸರ್ಕಾರ ಬಿಟ್ಟುಕೊಟ್ಟ ತೆರಿಗೆ ಬಹುಪಾಲು ಬಡ್ಡಿಗೇ ಹೋಯಿತು.

ಇದಕ್ಕೆ ಪರಿಹಾರವಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಪ್ರೊಸೆಸಿಂಗ್ ಶುಲ್ಕವೂ ಸೇರಿದ ನಿಜವಾದ ವಾರ್ಷಿಕ ದರ, ಅಂದರೆ ‘ಎಪಿಆರ್’, ಅದರಲ್ಲಿರುತ್ತದೆ. ಸಂಬಳದ ಖಾತೆ ಇರುವ ಬ್ಯಾಂಕಿನ ದರವನ್ನೂ ಮೊದಲೇ ವಿಚಾರಿಸಿ, ಎರಡೂ ಎಪಿಆರ್ ಹೋಲಿಸಬೇಕು.

ವಿಮೆಯದ್ದು ಇನ್ನೊಂದು ಕಥೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಕಾರಿನ ಹಾನಿಗೆ 1 ವರ್ಷದ್ದು ತೆಗೆದುಕೊಳ್ಳಬಹುದು. ಆದರೆ ಶೋರೂಂನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹಾಗೆ ಒತ್ತಾಯಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಅದರ ಕೇಂದ್ರ ಕಚೇರಿ ಇರುವುದು ನಮ್ಮ ಹೈದರಾಬಾದಿನಲ್ಲೇ. ‘ಇಲ್ಲಿ ವಿಮೆ ಮಾಡಿಸಿದರೆ ಮಾತ್ರ ಡಿಸ್ಕೌಂಟ್’ ಎಂದರೆ ಹೊರಗಿನ ಪ್ರೀಮಿಯಂ ತಿಳಿದುಕೊಂಡು ಒಟ್ಟು ಮೊತ್ತ ಲೆಕ್ಕ ಹಾಕಬೇಕು.

ಕೋಟೇಶನ್‌ನಲ್ಲಿ ಎಕ್ಸ್‌ಶೋರೂಂ ಬೆಲೆ, ಲೈಫ್ ಟ್ಯಾಕ್ಸ್, ನೋಂದಣಿ ಶುಲ್ಕ, ವಿಮೆ ಇವು ಬೇರೆ ಬೇರೆ ಸಾಲಿನಲ್ಲಿರಲಿ. ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’ ಎಂಬ ಸಾಲು ಕಂಡರೆ ಅದು ಸರ್ಕಾರಕ್ಕೆ ಕಟ್ಟುವ ಹಣವಲ್ಲ, ತೆಗೆಯಿರಿ ಎಂದು ಕೇಳಬಹುದು. ಕಾರು ತಯಾರಾದ ತಿಂಗಳು, ವರ್ಷವನ್ನೂ ಕೇಳಿ. ಅದು ಆರ್‌ಸಿಯಲ್ಲಿ ದಾಖಲಾಗುವುದರಿಂದ ಮುಂದೆ ಮಾರುವಾಗ ಬೆಲೆ ತಗ್ಗಿಸುತ್ತದೆ.

ನಮ್ಮವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಸೇಲ್ಸ್‌ಮನ್ ‘ನಾನೂ ಬೀದರ್ ಕಡೆಯವನೇ ಅಣ್ಣಾ’ ಎಂದೊಡನೆ ಮನಸ್ಸು ಕರಗುವುದು ಸಹಜ. ಆತ ಒಳ್ಳೆಯವನೇ ಇರಬಹುದು. ಆದರೆ ಮುಂದಿನ ತಿಂಗಳು ಆತ ಬೇರೆ ಶೋರೂಂಗೆ ಹೋದರೆ ಬಾಯಿಮಾತಿಗೆ ಹೊಣೆ ಯಾರು? ಒಪ್ಪಿದ ಡಿಸ್ಕೌಂಟ್, ಉಚಿತ ಆಕ್ಸೆಸರಿ, ಬುಕಿಂಗ್ ರದ್ದಾದರೆ ಅಡ್ವಾನ್ಸ್ ವಾಪಸಿನ ಷರತ್ತು ಎಲ್ಲವೂ ಸಹಿ, ಮೊಹರಿನೊಂದಿಗೆ ಕಾಗದದಲ್ಲಿರಲಿ. ‘ಆಫರ್ ಇವತ್ತೇ ಕೊನೆ’ ಎಂದರೂ ಕೋಟೇಶನ್ ಮನೆಗೆ ತಂದು, ಒಂದು ರಾತ್ರಿ ಕಳೆದು ತೀರ್ಮಾನಿಸುವುದು ಲೇಸು.

ವಿವಾದವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ವಿಮೆಯ ದೂರಿಗೆ 155255 ಇವೆ. ಇತ್ತೀಚೆಗೆ ಕಾರು ಕೊಂಡ ಸದಸ್ಯರು ತಮ್ಮ ಕೋಟೇಶನ್‌ಗಳನ್ನು ಸಂಘದ ಸಭೆಗಳಲ್ಲಿ ಇತರರಿಗೆ ತೋರಿಸಿದರೆ, ಯಾವ ಸಾಲಿನಲ್ಲಿ ಎಷ್ಟು ಇಳಿಸಬಹುದೆಂಬುದು ಮುಂದಿನವರಿಗೆ ಮೊದಲೇ ತಿಳಿಯುತ್ತದೆ.