ದುಡಿಮೆ ಬೇಕು, ಸಂಸಾರ ಬೇಡವೆ?

ಪರದೇಶಕ್ಕೆ ಹೋಗಿ ನೆಲೆಸುವವರ ಮಾತು ಬಂದಾಗ ನಮ್ಮಲ್ಲಿ ಎರಡೇ ಅಭಿಪ್ರಾಯಗಳು ಕೇಳಬರುತ್ತವೆ. ಹೋದವನು ಭಾಗ್ಯವಂತನೆಂಬುದು ಒಂದು. ತಾಯ್ನಾಡನ್ನು ಮರೆತವನೆಂಬುದು ಇನ್ನೊಂದು. ಹೊಗಳಿಕೆ ತೆಗಳಿಕೆಗಳೆರಡೂ ದುಡಿಯಲು ಹೋದ ಒಬ್ಬನನ್ನೇ ಕುರಿತವು. ಅವನೊಡನೆ ಹೊರಟ ಹೆಂಡತಿ ಮಕ್ಕಳಿಗೆ ಆ ನಾಡಿನ ಕಾಯಿದೆಯಲ್ಲಿ ಯಾವ ಸ್ಥಾನವಿದೆಯೆಂದು ವಿಚಾರಿಸುವವರು ವಿರಳ. 2025ರ ಸೆಪ್ಟೆಂಬರಿನಲ್ಲಿ ಅಮೇರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರುಗಳ ಹಣವನ್ನು ವಿಧಿಸಿದಾಗಲೂ ಕಂಪನಿಗಳ ಲಾಭನಷ್ಟದ ಲೆಕ್ಕ ಕೇಳಿಬಂದಷ್ಟು ಸಂಸಾರಗಳ ಅಳಲು ಕೇಳಿಬರಲಿಲ್ಲ. ಆ ಕೊರತೆಯನ್ನು ತುಂಬುವುದು ನಮ್ಮ ಇಂದಿನ ಉದ್ದೇಶ.

ವಸ್ತುಸ್ಥಿತಿಯನ್ನು ಮೊದಲು ನೋಡೋಣ. 1990ರ ಕಾಯಿದೆಯಿಂದ ಹುಟ್ಟಿದ ಎಚ್-1ಬಿ ಎಂಬ ವೀಸಾ ಉದ್ಯೋಗಿಯನ್ನು ಕರೆಸಿಕೊಳ್ಳುವ ಧಣಿಗೆ ಅಂಟಿಕೊಂಡುದು. ಉದ್ಯೋಗಿಯ ಪತಿ ಅಥವಾ ಪತ್ನಿ ಮತ್ತು ಮಕ್ಕಳು ಎಚ್-4 ಎಂಬ ಇನ್ನೊಂದು ವೀಸಾದ ಮೇಲೆ ಆಶ್ರಿತರಾಗಿ ಹೋಗುವರು. ಇಂಜಿನಿಯರಾಗಲಿ ವೈದ್ಯಳಾಗಲಿ, ಆಶ್ರಿತಳಾದ ಪತ್ನಿಗೆ ಅಲ್ಲಿ ದುಡಿಯುವ ಹಕ್ಕು ತಾನಾಗಿ ಬರುವುದಿಲ್ಲ. ಪತಿಯ ಶಾಶ್ವತ ವಾಸದ ಅರ್ಜಿಯು ಒಂದು ಹಂತವನ್ನು ದಾಟಿದ್ದರೆ ಅವಳು ಅನುಮತಿ ಪಡೆಯಬಹುದೆಂಬ ನಿಯಮವು 2015ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಅದು ಶಾಸನಸಭೆ ಮಾಡಿದ ಕಾಯಿದೆಯಲ್ಲ. ಸರಕಾರದ ಇಲಾಖೆಯೊಂದು ಮಾಡಿದ ನಿಯಮ. ಇನ್ನು ಉದ್ಯೋಗಿಯೇ ಕೆಲಸ ಕಳೆದುಕೊಂಡರೆ, ಬೇರೆ ಧಣಿಯನ್ನು ಹುಡುಕಿಕೊಳ್ಳಲು ಅಥವಾ ಗಂಟುಮೂಟೆ ಕಟ್ಟಲು ಹೆಚ್ಚೆಂದರೆ 60 ದಿನಗಳ ಅವಧಿ. ಬಾಡಿಗೆಯ ಮನೆ, ಮಕ್ಕಳ ಶಾಲೆ, ಬಸುರಿಯ ವೈದ್ಯೋಪಚಾರ ಎಲ್ಲವೂ ಆ 60 ದಿನಗಳಲ್ಲಿ ತೀರ್ಮಾನವಾಗಬೇಕು!

ಮಕ್ಕಳ ಸ್ಥಿತಿ ಇದಕ್ಕಿಂತ ಕಷ್ಟತರವಾದುದು. ಉದ್ಯೋಗದ ಆಧಾರದ ಮೇಲೆ ಅಮೇರಿಕವು ವರ್ಷಕ್ಕೆ ಸುಮಾರು 1,40,000 ಜನರಿಗೆ ಶಾಶ್ವತ ವಾಸದ ಹಕ್ಕನ್ನು ಕೊಡುತ್ತದೆ. ಹೆಂಡಿರು ಮಕ್ಕಳೂ ಈ ಲೆಕ್ಕದಲ್ಲಿಯೇ ಸೇರಿದವರು. ಒಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ 7ರ ಮಿತಿ. ನೂರು ಕೋಟಿಗೂ ಮಿಕ್ಕಿದ ಜನರಿರುವ ಭಾರತಕ್ಕೂ ಸಮುದ್ರದ ನಡುವಿನ ಪುಟ್ಟ ದ್ವೀಪಕ್ಕೂ ಒಂದೇ ಅಳತೆ. ಆದುದರಿಂದ ನಮ್ಮವರ ಸಾಲು ದಶಕಗಳಷ್ಟು ಉದ್ದವಾಗಿದೆ. ಮೂರು ವರ್ಷದ ಹಸುಳೆಯಾಗಿ ಹೋಗಿ, ಅಲ್ಲಿಯ ಶಾಲೆಯಲ್ಲಿ ಓದಿ, ಅಲ್ಲಿಯ ಮಾತನ್ನೇ ಆಡುತ್ತ ಬೆಳೆದ ಮಗುವಿಗೆ 21 ವರ್ಷ ತುಂಬಿದೊಡನೆ ಆಶ್ರಿತನೆಂಬ ಸ್ಥಾನವೂ ತಪ್ಪುತ್ತದೆ. 2002ರ ಒಂದು ಕಾಯಿದೆಯು ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ವಿನಾಯಿತಿ ಕೊಟ್ಟಿದೆಯಾದರೂ ದಶಕಗಳ ಸಾಲಿನ ಮುಂದೆ ಅದು ಎಷ್ಟರ ಮಟ್ಟಿನದು? ತಾನು ಕಾಣದೆ ಬೆಳೆದ ನಾಡಿಗೆ ಆ ಯುವಕನು ಪರದೇಶಿಯಂತೆ ಮರಳಬೇಕು. ಇಲ್ಲವೇ ಮತ್ತೊಂದು ವೀಸಾಕ್ಕಾಗಿ ಹೊಸದಾಗಿ ಕೈಚಾಚಬೇಕು.

ತನ್ನ ಬಾಗಿಲನ್ನು ಕಾಯುವ ಅಧಿಕಾರ ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ಅಗ್ಗದ ದುಡಿಮೆಯಿಂದ ತಮ್ಮ ಸಂಬಳ ಇಳಿಯುವುದೆಂದು ಅಲ್ಲಿಯ ಕೆಲಸಗಾರರು ದೂರಿದರೆ ಅದನ್ನು ತಳ್ಳಿಹಾಕುವುದೂ ಸಲ್ಲದು. ಆದರೆ ಒಬ್ಬನನ್ನು ತನಗೆ ಬೇಕೆಂದು ಕರೆದುಕೊಂಡು, ವರುಷಗಟ್ಟಲೆ ಅವನಿಂದ ತೆರಿಗೆ ಪಡೆದ ಮೇಲೆ, ಅವನ ಸಂಸಾರವನ್ನು ಹೊಸ್ತಿಲ ಮೇಲೆಯೇ ನಿಲ್ಲಿಸುವುದು ಯಾವ ನ್ಯಾಯ?

ಈ ಪ್ರಶ್ನೆ ನಮಗೆ ಹೊಸದಲ್ಲ. 1896ರ ಕೊನೆಯಲ್ಲಿ ಗಾಂಧೀಜಿಯವರು ಕಸ್ತೂರಬಾ, ಇಬ್ಬರು ಮಕ್ಕಳು ಹಾಗೂ ವಿಧವೆಯಾದ ಅಕ್ಕನ ಮಗನೊಡನೆ ದಕ್ಷಿಣ ಆಫ್ರಿಕಕ್ಕೆ ಹೊರಟರು. ನಾಗರಿಕರೆನಿಸಿಕೊಳ್ಳಬೇಕೆಂದು ಹೆಂಡತಿಗೆ ಪಾರಸೀ ಬಗೆಯ ಸೀರೆ, ಮಕ್ಕಳಿಗೆ ಪಾರಸೀ ಕೋಟು ಷರಾಯಿ, ಎಲ್ಲರಿಗೂ ಬೂಟು ಕಾಲುಚೀಲ, ಊಟಕ್ಕೆ ಚೂರಿ ಮುಳ್ಳುಚಮಚ ಇವೆಲ್ಲವನ್ನೂ ಅವರು ಕಡ್ಡಾಯ ಮಾಡಿದರು. ಇಷ್ಟೆಲ್ಲ ಮಾಡಿಕೊಂಡು ಹೋದರೂ ಡರ್ಬನ್ ಬಂದರಿನಲ್ಲಿ ಹಡಗನ್ನು ವಾರಗಟ್ಟಲೆ ತಡೆಯಲಾಯಿತು; 1897ರ ಜನವರಿಯಲ್ಲಿ ಇಳಿದಾಗ ಗಾಂಧೀಜಿಯವರ ಮೇಲೆ ಬಿಳಿಯರ ಗುಂಪು ಬಿದ್ದಿತು. ವೇಷವನ್ನು ಹೊಂದಿಸಿಕೊಂಡ ಮಾತ್ರಕ್ಕೆ ನಾಡು ಹೊಂದಿಕೊಳ್ಳಲಿಲ್ಲ. ಮುಂದೆ ಆ ಬೂಟು ಚಮಚಗಳ ಮೋಹವನ್ನು ಅವರೇ ಬಿಟ್ಟರು.

1913ರ ಮಾರ್ಚಿನಲ್ಲಿ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಎಂಬವರು, ಬಹುಪತ್ನೀತ್ವಕ್ಕೆ ಆಸ್ಪದವುಳ್ಳ ಧರ್ಮದ ವಿಧಿಯಂತೆ ಆದ ವಿವಾಹವು ಅಲ್ಲಿಯ ಕಾಯಿದೆಯಲ್ಲಿ ಊರ್ಜಿತವಲ್ಲವೆಂದು ತೀರ್ಪಿತ್ತರು. ಭಾರತದ ಸಾವಿರಾರು ಗೃಹಿಣಿಯರು ಒಂದೇ ದಿನದಲ್ಲಿ ಕಾಯಿದೆಯ ಕಣ್ಣಿಗೆ ಹೆಂಡಿರಲ್ಲದವರಾದರು. ಆಗ ಕಸ್ತೂರಬಾ ಮೊದಲಾದ ಸ್ತ್ರೀಯರು ಸತ್ಯಾಗ್ರಹಕ್ಕಿಳಿದು ಸೆರೆಮನೆಗೆ ನಡೆದರು. 1914ರ ಕಾಯಿದೆಯು ಏಕಪತ್ನೀ ವಿವಾಹಗಳಿಗೆ ಮಾನ್ಯತೆಯಿತ್ತು, ಕೂಲಿಕರಾರು ಮುಗಿಸಿದವರ ಮೇಲಿದ್ದ ಮೂರು ಪೌಂಡಿನ ತಲೆಗಂದಾಯವನ್ನೂ ತೆಗೆದುಹಾಕಿತು.

ಅಂದಿನ ಕೂಲಿಯನ್ನೂ ಇಂದಿನ ಇಂಜಿನಿಯರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ನಾವು ಬಲ್ಲೆವು. ಇಂದಿನವರು ತಾವಾಗಿ ಹೋದವರು, ಒಳ್ಳೆಯ ಸಂಬಳ ಪಡೆಯುವವರು. ಆದರೂ ಎರಡೂ ಕಡೆಯ ಪಾಠ ಒಂದೇ. ಹೊಸ ನಾಡಿಗೆ ಹೊಂದಿಕೊಳ್ಳುವುದೆಂದರೆ ಉಡುಗೆ ಊಟಗಳನ್ನು ಬದಲಿಸುವುದಷ್ಟೇ ಅಲ್ಲ. ನಾಳೆಯೂ ನಾವು ಇಲ್ಲಿರುವೆವೆಂಬ ಭರವಸೆ ಮನೆಯವರೆಲ್ಲರಿಗೂ ಇರಬೇಕು. ಆ ಭರವಸೆಯನ್ನು ಕಾಯಿದೆ ಮಾತ್ರ ಕೊಡಬಲ್ಲುದು. ಕೇಳದಿದ್ದರೆ ಕಾಯಿದೆಯೂ ಕೊಡದು.

ಆದುದರಿಂದ ನಮ್ಮ ಸರಕಾರದವರು ಅಮೇರಿಕದೊಡನೆ ವ್ಯಾಪಾರದ ಮಾತುಕತೆಗೆ ಕುಳಿತಾಗ ಸುಂಕದ ಪಟ್ಟಿಯ ಜೊತೆಗೆ ಸಂಸಾರಗಳ ಪಟ್ಟಿಯನ್ನೂ ಮುಂದಿಡತಕ್ಕದ್ದು. ಅಮೇರಿಕದಲ್ಲಿ ಸುಮಾರು ಹತ್ತು ವರ್ಷ ವಂತಿಗೆ ಕಟ್ಟದವನಿಗೆ ಅಲ್ಲಿಯ ವೃದ್ಧಾಪ್ಯವೇತನ ದೊರೆಯದು. ನಡುವೆ ಮರಳಿದವನು ಕಟ್ಟಿದ ಹಣ ಅಲ್ಲಿಯೇ ಉಳಿಯುತ್ತದೆ. ಈ ತೊಡಕನ್ನು ಒಪ್ಪಂದದಿಂದ ಬಿಡಿಸಬಹುದೆಂಬುದಕ್ಕೆ 2025ರ ಜುಲೈ ತಿಂಗಳಿನ ವ್ಯಾಪಾರದ ಒಪ್ಪಂದದ ಸಂದರ್ಭದಲ್ಲಿ ಬ್ರಿಟನ್ನು ತಾತ್ಕಾಲಿಕವಾಗಿ ಬಂದ ನಮ್ಮ ಉದ್ಯೋಗಿಗಳಿಗೆ ಇಂಥ ವಂತಿಗೆಯಿಂದ ಮೂರು ವರ್ಷಗಳ ವಿನಾಯಿತಿಗೆ ಒಪ್ಪಿದುದೇ ಸಾಕ್ಷಿ. ಅಲ್ಲಿ ಬೆಳೆದ ಮಕ್ಕಳ ಪ್ರಶ್ನೆಯನ್ನೂ ಇಷ್ಟೇ ಪಟ್ಟುಹಿಡಿದು ಎತ್ತಬೇಕು.

ಹೊರಡುವವರಿಗೂ ಅಲ್ಲಿರುವ ನಮ್ಮ ಕನ್ನಡ ಕೂಟಗಳಿಗೂ ಒಂದು ಮಾತು. ಸಂಬಳದ ಅಂಕಿಯನ್ನು ಓದುವ ಮುನ್ನ ಹೆಂಡತಿ ಮಕ್ಕಳ ವೀಸಾದ ನಿಯಮಗಳನ್ನು ಓದಿರಿ. ಯುಗಾದಿ ರಾಜ್ಯೋತ್ಸವಗಳನ್ನು ನಡೆಸುವ ಕೂಟಗಳು ಹೊಸದಾಗಿ ಬಂದ ಗೃಹಿಣಿಗೆ ಕಾಯಿದೆಯ ತಿಳುವಳಿಕೆಯನ್ನೂ, ಮಕ್ಕಳಿಗೆ ಕನ್ನಡದ ಅಕ್ಷರವನ್ನೂ ಕೊಡುವ ಕೆಲಸವನ್ನು ಇನ್ನಷ್ಟು ವಿಸ್ತರಿಸಲಿ. ನಾಳೆ ಆ ಮಗುವು ಮರಳಬೇಕಾಗಿ ಬಂದರೆ, ಅಜ್ಜಿಯ ಮನೆಯ ಮಾತಾದರೂ ಅದಕ್ಕೆ ಪರಭಾಷೆಯಾಗದಿರಲಿ.