ತೋಟದ ಏರಿಗೂ ಕಾವಲು ಬೇಕು



ವಯನಾಡಿನ ಗುಡ್ಡಗಳಲ್ಲಿ ತೊರೆಗೆ ಮಣ್ಣಿನ ಏರಿ ಹಾಕಿ, ಕಾಫಿ ಹೂವರಳುವ ಬೇಸಗೆಗೆಂದು ಮಳೆನೀರನ್ನು ಕೂಡಿಡುವ ತೋಟಗಳುಂಟು. ನೀರು ಕೂಡಿಡುವುದು ತಪ್ಪಲ್ಲ. ಆದರೆ ಏರಿ ಒಡೆದರೆ ಆ ನೀರು ಧಣಿಯ ತೋಟದಲ್ಲಿ ನಿಲ್ಲದು. ಕೆಳಗಿನ ಹಾಡಿ, ಗದ್ದೆಬಯಲುಗಳ ಮೇಲೆ ನುಗ್ಗುವುದು. ಲಾಭ ಒಬ್ಬನಿಗೆ, ಅಪಾಯ ಊರಿಗೆ ಎಂಬ ಏರ್ಪಾಡನ್ನು ನಾವು ಒಪ್ಪಲಾರೆವು.

ಮಣ್ಣಿನ ಏರಿ ಮುಖ್ಯವಾಗಿ ಎರಡು ಬಗೆಯಲ್ಲಿ ಕೆಡುತ್ತದೆ. ಕೋಡಿ ಕಿರಿದಾದರೆ ನೀರು ಏರಿಯ ನೆತ್ತಿಯನ್ನೇ ದಾಟಿ ಹೊರಮೈಯನ್ನು ಕೊಚ್ಚುತ್ತದೆ. ಇಲಿ ಏಡಿಗಳ ಬಿಲ, ಕೊಳೆತ ಬೇರು, ತೂಬಿನ ಮಗ್ಗುಲ ಸಂದು, ಇವುಗಳಲ್ಲಿ ಜಿನುಗುವ ನೀರು ಒಳಗೊಳಗೇ ಮಣ್ಣನ್ನು ಸೆಳೆದೊಯ್ಯುತ್ತದೆ. ಜಿನುಗು ರಾಡಿಯಾಗಿ ಬಂದರೆ ಏರಿಯ ಮಣ್ಣೇ ಕರಗುತ್ತಿದೆಯೆಂದು ತಿಳಿಯತಕ್ಕದ್ದು. ಕೆಳಗಿನವರು ಒಡನೆಯೇ ಎತ್ತರಕ್ಕೆ ಸರಿಯತಕ್ಕದ್ದು.

ಇದು ಬರಿಯ ಅಂಜಿಕೆಯಲ್ಲ. 2018ರ ಮೇ 9ರ ರಾತ್ರಿ ಕೀನ್ಯಾ ದೇಶದ ಸೊಲಾಯಿಯಲ್ಲಿ ಖಾಸಗಿ ತೋಟದ ಮಣ್ಣಿನ ಕಟ್ಟೆ ಒಡೆದು 40ಕ್ಕೂ ಹೆಚ್ಚು ಮಂದಿ ಮಡಿದರು. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಸರಕಾರದ ಕಟ್ಟೆಯೇ ಒಡೆದು ಹಲವರ ಪ್ರಾಣ ಹೋಯಿತು. ಅಲ್ಲಿ ಸೋರಿಕೆಯಿರುವುದನ್ನು ಹಳ್ಳಿಗರು ಮೊದಲೇ ತಿಳಿಸಿದ್ದರು.

2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗೆ ಮೇಲ್ಪಟ್ಟ ಕಟ್ಟೆಗಳಿಗೂ, 10ರಿಂದ 15 ಮೀಟರಿನೊಳಗಿನ ಕೆಲವಕ್ಕೂ ಮಾತ್ರ ಅನ್ವಯಿಸುತ್ತದೆ. ಬಾಣಾಸುರಸಾಗರಕ್ಕೆ ಅದರ ಕಾವಲುಂಟು, ತೋಟದ ಕಿರುಕಟ್ಟೆಗಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ, ಕಲೆಕ್ಟರರು ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ಇಂತಹ ನಿರ್ಮಾಣಗಳನ್ನು ಪರಿಶೀಲಿಸಿ ಕ್ರಮಕ್ಕೆ ಆದೇಶಿಸುವ ಅಧಿಕಾರವಿದೆ.

ನಮ್ಮ ಹಿರಿಯರು ಕೆರೆ ಕಟ್ಟಿಸಿ ಸುಮ್ಮನಾಗಲಿಲ್ಲ. ಅದರ ದುರಸ್ತಿಗೆಂದು ಬಿತ್ತುವಟ್ಟವನ್ನು ಬಿಟ್ಟು ಶಾಸನ ಬರೆಸಿದರು. ಕಟ್ಟಿದವನೇ ಕಾಯಬೇಕೆಂಬ ಆ ನ್ಯಾಯ ಇಂದಿನ ಧಣಿಗೂ ಸಲ್ಲತಕ್ಕದ್ದು. ಪ್ರತಿಯೊಂದು ಪಂಚಾಯತಿಯೂ ತನ್ನ ಎಲ್ಲೆಯ ಖಾಸಗಿ ಏರಿಗಳ ಪಟ್ಟಿ ಮಾಡಲಿ. ಮುಂಗಾರಿಗೆ ಮುನ್ನ ಇಂಜಿನಿಯರರು ಕೋಡಿ, ತೂಬು, ಹೊರಮೈಗಳನ್ನು ತಪಾಸಿಸಲಿ. ದುರಸ್ತಿಯ ವೆಚ್ಚವನ್ನು ಒಡೆಯನೇ ಭರಿಸಲಿ. ಭರಿಸದಿದ್ದರೆ ಕಟ್ಟೆಯ ನೀರನ್ನು ತಗ್ಗಿಸಲಿ.

ಮಲೆಯಾಳ ಬರೆಯಲು ಬಾರದೆಂದು ಯಾರೂ ಹಿಂಜರಿಯಬೇಡಿರಿ. ಒಕ್ಕೂಟದಲ್ಲಿ ಇಲ್ಲವೇ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಏರಿ ಇರುವ ಸ್ಥಳ, ಸೋರಿಕೆ ಕಂಡ ದಿನ, ಕೆಳಗಿರುವ ಮನೆಗಳ ಎಣಿಕೆ, ಇಷ್ಟನ್ನು ಕನ್ನಡದಲ್ಲಿಯೇ ಬರೆದು, ಊರವರೆಲ್ಲ ಸಹಿ ಹಾಕಿ, ಕಲ್ಪೆಟ್ಟೆಯ ಕಲೆಕ್ಟರರ ಕಚೇರಿಗೆ ಒಪ್ಪಿಸಿರಿ. ರಶೀದಿ ಪಡೆಯಲು ಮರೆಯದಿರಿ. ಮಳೆಗಾಲ ಬರುವ ಮೊದಲೇ ಈ ಕೆಲಸ ಆಗಲಿ.