ಎಚ್‌ಪಿವಿ ಲಸಿಕೆ ಮತ್ತು ಹೆತ್ತವರ ಅಳುಕು

ಗರ್ಭಕಂಠದ ಕ್ಯಾನ್ಸರ್ ತಡೆಯಲು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ನೀಡಿಕೆಯನ್ನು ಪ್ರೋತ್ಸಾಹಿಸುವುದಾಗಿ ಕೇಂದ್ರ ಸರ್ಕಾರವು 2024ರ ಮಧ್ಯಂತರ ಬಜೆಟ್ಟಿನಲ್ಲಿ ಘೋಷಿಸಿತು. ಈ ರೋಗಕ್ಕೆ ಕಾರಣವಾದ ಎಚ್‌ಪಿವಿ ವೈರಾಣು ಲೈಂಗಿಕ ಸಂಪರ್ಕದಿಂದ ಹರಡುವುದರಿಂದ, ಲಸಿಕೆಯು ಮಕ್ಕಳ ಸಂಯಮವನ್ನು ಸಡಿಲಿಸೀತೆಂಬ ಅಳುಕು ಕೆಲವು ಹೆತ್ತವರಲ್ಲಿದೆ.

ಈ ಅಳುಕನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪರೀಕ್ಷಿಸಲಾಗಿದೆ. ಅಲ್ಲಿ ಎಂಟನೆಯ ತರಗತಿಯ ಬಾಲಕಿಯರಿಗೆ ಶಾಲೆಯಲ್ಲಿ ಉಚಿತ ಲಸಿಕೆ ಆರಂಭವಾದುದು 2007ರಲ್ಲಿ. ಅದಕ್ಕೆ ಮುಂಚೆ ಆ ತರಗತಿ ದಾಟಿದವರನ್ನೂ ಅನಂತರ ಬಂದವರನ್ನೂ ಸಂಶೋಧಕರು ಹೋಲಿಸಿದರು; ಒಟ್ಟು 2,60,493 ಬಾಲಕಿಯರು. ಇವರನ್ನು ಬೇರ್ಪಡಿಸಿದ್ದು ಹುಟ್ಟಿದ ವರ್ಷವೇ ಹೊರತು ಮನೆಯ ಸಂಸ್ಕಾರವಲ್ಲ. ಆದುದರಿಂದ ಹೋಲಿಕೆ ನಂಬಲರ್ಹ. ಲಸಿಕೆಯಿಂದ ಹದಿಹರೆಯದ ಗರ್ಭಧಾರಣೆಯಾಗಲಿ, ಇತರ ಲೈಂಗಿಕ ಸೋಂಕುಗಳಾಗಲಿ ಹೆಚ್ಚಿದುದು ಕಂಡುಬರಲಿಲ್ಲ.

ಆ ಸಮಾಜ ಬೇರೆ, ನಮ್ಮದು ಬೇರೆ ಎನ್ನಬಹುದು. ಆದರೆ ಹೆಚ್ಚು ಮುಕ್ತವೆನಿಸಿದ ಅಲ್ಲಿಯೇ ಕಾಣದ ಕೆಡುಕನ್ನು ಇಲ್ಲಿ ಊಹಿಸಲು ಆಧಾರವೇನು? ಸೋಂಕು ತಗಲುವ ಮುನ್ನ ಪಡೆದರೇ ಲಸಿಕೆ ಹೆಚ್ಚು ಫಲಕಾರಿ. ಎಳೆವಯಸ್ಸನ್ನು ಆರಿಸಿರುವುದು ಅದಕ್ಕಾಗಿಯೇ. ಸಂಯಮದಿಂದ ಬಾಳಿದ ಹೆಣ್ಣಿಗೂ ವಿವಾಹಾನಂತರ ಪತಿಯಿಂದ ಸೋಂಕು ಬರಬಹುದೆಂಬುದನ್ನು ಮರೆಯಲಾಗದು. ಶೀಲವನ್ನು ಕಲಿಸುವ ಹೊಣೆ ಮನೆಯದು; ಆ ಹೊಣೆಯನ್ನು ರೋಗಭಯಕ್ಕೆ ಒಪ್ಪಿಸುವುದು ತರವಲ್ಲ. ಹೆತ್ತವರು ವೈದ್ಯರೊಡನೆ ಸಮಾಲೋಚಿಸಿ ಸಕಾಲದಲ್ಲಿ ನಿರ್ಧರಿಸಲಿ.